ಕುಡಿತ ಬಿಡೋ ಮನಸ್ಸು ಪೂರ್ತಿ ಇರಲಿಲ್ಲ, ಆದರೂ ಆಸ್ಪತ್ರೆಗೆ ಹೋದೆ

ಕಳೆದ ವಾರ ಡಾಕ್ಟರು ನನ್ನ ಫೈಲ್ ನೋಡಿ, "ಇನ್ಮೇಲೆ ಮೂರು ತಿಂಗಳಿಗೊಮ್ಮೆ ಬಂದ್ರೆ ಸಾಕು" ಅಂದರು. ಆವತ್ತೇ ಇದನ್ನು ಬರೆಯಬೇಕು ಅನ್ನಿಸಿತು. ಆಸ್ಪತ್ರೆಗೆ ಹೋಗುವ ಮೊದಲು ನಾನು ಇಂಥ ಅನುಭವ ಯಾರಾದರೂ ಕನ್ನಡದಲ್ಲಿ ಬರೆದಿದ್ದಾರಾ ಅಂತ ತುಂಬಾ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಒಂದೋ ಕುಡಿತ ಬಿಡಿಸುತ್ತೇವೆ ಅನ್ನುವ ಜಾಹೀರಾತು, ಇಲ್ಲವೇ ಕುಡಿದು ಮನೆಮಠ ಕಳೆದುಕೊಂಡವರ ಕಥೆ. ನನ್ನಂಥವರ ಬಗ್ಗೆ ಏನೂ ಇರಲಿಲ್ಲ.

ನನ್ನಂಥವರು ಅಂದರೆ ಯಾರು? ನನಗೆ 26 ವರ್ಷ. ಊರು ನಾಗಮಂಗಲದ ಕಡೆ, ಕೆಲಸ ಮೈಸೂರಿನಲ್ಲಿ. ಬೆಳಿಗ್ಗೆ ಎದ್ದು ಕುಡಿಯುತ್ತಿರಲಿಲ್ಲ. ಕೆಲಸಕ್ಕೆ ರಜಾ ಹಾಕಿದ್ದೂ ಅಪರೂಪ. ಶುಕ್ರವಾರ, ಶನಿವಾರ ರೂಮಿನ ಹುಡುಗರ ಜೊತೆ ಕೂತರೆ ಮಾತ್ರ ಎಷ್ಟಾಯಿತು ಅನ್ನುವ ಲೆಕ್ಕ ಇರುತ್ತಿರಲಿಲ್ಲ. ಮಧ್ಯೆ ಯಾರದಾದರೂ ಬರ್ತ್‌ಡೇ, ಕ್ರಿಕೆಟ್ ಮ್ಯಾಚು ಬಂದರೆ ಇನ್ನೊಂದು ದಿನ. ನಮ್ಮ ವಯಸ್ಸಿನ ಎಷ್ಟೋ ಹುಡುಗರು ಹೀಗೇ ಇದ್ದಾರೆ ಅಲ್ವಾ. ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋಗಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

ಶುರುವಾಗಿದ್ದು ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್‌ನಿಂದ. ರಿಪೋರ್ಟಿನಲ್ಲಿ ಲಿವರ್ ಹೇಗಿದೆ ಅಂತ ತೋರಿಸುವ ಎಸ್‌ಜಿಪಿಟಿ ಜಾಸ್ತಿ, ಜಿಜಿಟಿಯೂ ಜಾಸ್ತಿ, 94. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ಸೇರುವ ಮೊದಲ ಹಂತ. ಚೆಕಪ್ ಮಾಡಿದ ಡಾಕ್ಟರು ಕುಡೀತೀರಾ ಅಂತ ಕೇಳಿದರು. ವೀಕೆಂಡಲ್ಲಿ ಸ್ವಲ್ಪ ಅಂದೆ. "ಸ್ವಲ್ಪ ಅಂದ್ರೆ ಎಷ್ಟು ಎಂಎಲ್?" ಅಂದರು. ಉತ್ತರ ಹೇಳಲು ಆಗಲಿಲ್ಲ. ಒಂದು ಸಲ ಮನೋವೈದ್ಯ ವಿಭಾಗಕ್ಕೆ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿ ವಾರಗಟ್ಟಲೆ ನನ್ನ ಪರ್ಸಿನಲ್ಲೇ ಇತ್ತು. ಹೊಸ ವರ್ಷ ಮುಗೀಲಿ, ಸಂಕ್ರಾಂತಿ ಮುಗೀಲಿ, ಮನಸ್ಸು ಗಟ್ಟಿಯಾಗಲಿ ಅಂತ ಮುಂದಕ್ಕೆ ಹಾಕುತ್ತಾ ಹೋದೆ.

ಅಷ್ಟರಲ್ಲಿ ಊರಿನಲ್ಲಿ ರಿಪೋರ್ಟು ಅವ್ವನ ಕೈಗೆ ಸಿಕ್ಕಿತು. ಅವ್ವ ಅತ್ತಳು. ಅಪ್ಪ ಏನೂ ಮಾತಾಡದೆ ತೋಟಕ್ಕೆ ಹೋದರು. ಚಿಕ್ಕಪ್ಪ ಮಾತ್ರ ಸುಮ್ಮನಿರಲಿಲ್ಲ. ಯಾರೋ ಒಬ್ಬರ ಹತ್ತಿರ ಪುಡಿ ಸಿಗುತ್ತದೆ, ಅವನಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಿಕೊಡಿ, ಬಿಟ್ಟುಬಿಡ್ತಾನೆ ಅಂತ ಅವ್ವನಿಗೆ ಹೇಳಿದ್ದರು. ನಮ್ಮ ಕಡೆ ಇದು ತುಂಬಾ ನಡೆಯುತ್ತದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಡೈಸಲ್ಫಿರಾಂ ಅನ್ನುವ ಮಾತ್ರೆ ಇದೆ. ಅದು ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರು ಅದನ್ನು ಕೊಡುವುದು ಕುಡಿಯುವವರಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಅವ್ವ ಅದನ್ನು ಹಾಕಲಿಲ್ಲ. ನನಗೇ ಹೇಳಿಬಿಟ್ಟಳು. ಅದಕ್ಕೆ ನಾನು ಅವಳಿಗೆ ಋಣಿ.

ಅದೇ ವಾರ ಮನೆಯವರು ಒಂದು ಖಾಸಗಿ ಕೇಂದ್ರಕ್ಕೂ ಫೋನ್ ಮಾಡಿದ್ದರು. ಮೂರು ತಿಂಗಳು ಅಲ್ಲೇ ಇರಬೇಕು, ಮನೆಯವರು ನೋಡುವ ಹಾಗಿಲ್ಲ, ಹುಡುಗ ಒಪ್ಪದಿದ್ದರೆ ನಾವೇ ಗಾಡಿ ತಂದು ಕರೆದುಕೊಂಡು ಹೋಗ್ತೀವಿ ಅಂದರಂತೆ. ಕೇಳಿ ನನಗೆ ಸಿಕ್ಕಾಪಟ್ಟೆ ಭಯವಾಯಿತು. ಆಮೇಲೆ ತಿಳಿಯಿತು, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾರನ್ನೂ ಹೀಗೆ ಎತ್ತಿಕೊಂಡು ಹೋಗಿ ಕೂಡಿಹಾಕುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ದಾಖಲು ಮಾಡಿಕೊಳ್ಳಲು ಕಟ್ಟುನಿಟ್ಟಿನ ನಿಯಮಗಳಿವೆ, ವೈದ್ಯರ ಪರೀಕ್ಷೆ ಬೇಕು. ಮುಖ್ಯವಾಗಿ ನನ್ನಂಥವರಲ್ಲಿ ಬಹಳಷ್ಟು ಜನಕ್ಕೆ ದಾಖಲಾಗುವ ಅಗತ್ಯವೇ ಇರುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಅಷ್ಟು ದಿನ ನಿದ್ದೆ ಕೆಡುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಸೋಮವಾರ ಹೋಗಬೇಡಿ. ಭಾನುವಾರದ ರಜೆ ಮುಗಿಸಿ ಎಲ್ಲರೂ ಅವತ್ತೇ ಬರುತ್ತಾರೆ. ಆಧಾರ್ ತೋರಿಸಿ ಒಪಿಡಿ ಚೀಟಿ ಮಾಡಿಸಬೇಕು, ನಾನು ಹೋದಾಗ ಚೀಟಿಗೆ 20 ರೂಪಾಯಿ ತೆಗೆದುಕೊಂಡರು. ಕೌಂಟರಿನಲ್ಲಿ "ಏನು ತೊಂದರೆ?" ಅಂತ ಜೋರಾಗಿ ಕೇಳಿದರು. ಹಿಂದೆ ಉದ್ದ ಸಾಲು. ಲಿವರ್ ಅಂದೆ. ಅವರು ಜನರಲ್ ಮೆಡಿಸಿನ್‌ಗೆ ಚೀಟಿ ಕೊಟ್ಟರು. ಅಲ್ಲಿ ಎರಡು ಗಂಟೆ ಕಾದ ಮೇಲೆ, ಇದು ಇಲ್ಲಲ್ಲ ಅಂತ ಮತ್ತೆ ಕಳಿಸಿದರು. ಕೌಂಟರಿನಲ್ಲಿ "ಸೈಕಿಯಾಟ್ರಿ" ಅಂತ ಒಂದೇ ಪದ ಹೇಳಿದರೆ ಸಾಕು, ಬೇರೆ ಏನೂ ವಿವರಿಸಬೇಕಿಲ್ಲ.

ವಿಭಾಗದ ಮುಂದೆ ಬೆಂಚಿನಲ್ಲಿ ಕೂತಾಗ ನನಗೆ ತುಂಬಾ ಹಿಂಸೆಯಾಯಿತು. ಊರಿನವರು ಯಾರಾದರೂ ನೋಡಿದರೆ? ಆಫೀಸಿಗೆ ಗೊತ್ತಾದರೆ? ನನ್ನ ಪಕ್ಕ ಒಬ್ಬರು ಹಿರಿಯರು ಕೈ ನಡುಗುತ್ತಾ ಕೂತಿದ್ದರು. ನಾನು ಹೀಗಿಲ್ಲವಲ್ಲ, ಎದ್ದು ಹೋಗಿಬಿಡೋಣ ಅಂತ ಅನ್ನಿಸಿತು. ಅಟೆಂಡರ್ ನನ್ನ ಮುಖ ನೋಡಿ, "ಮೊದಲ ಸಲನಾ? ಕೂತ್ಕೊಳ್ಳಿ, ಇವತ್ತು ಬಂದಿದ್ದೀರಲ್ಲ, ತೋರಿಸ್ಕೊಂಡೇ ಹೋಗಿ" ಅಂದರು. ಕೂತೆ. ಇಲ್ಲಿ ಹೇಳಿದ ಮಾತು ಹೊರಗೆ ಹೋಗುವುದಿಲ್ಲ, ಅದನ್ನು ಗುಟ್ಟಾಗಿಡಬೇಕು ಅಂತ ಅದೇ 2017ರ ಕಾಯ್ದೆಯಲ್ಲಿ ಇದೆ. ಕಂಪನಿಗೆ ಅವರು ಫೋನ್ ಮಾಡುವುದಿಲ್ಲ.

ಮೊದಲು ಒಂದು ಪ್ರಶ್ನಾವಳಿ ತುಂಬಿಸಿದರು. ಆಡಿಟ್ ಅಂತ ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ್ದು, ಹತ್ತು ಪ್ರಶ್ನೆ, ಒಟ್ಟು 40 ಅಂಕ. ಎಷ್ಟು ಸಲ ಕುಡಿಯುತ್ತೀರಿ, ಒಂದು ಸಲಕ್ಕೆ ಎಷ್ಟು, ಶುರು ಮಾಡಿದ ಮೇಲೆ ನಿಲ್ಲಿಸಲು ಆಗದೆ ಹೋಗಿದ್ದುಂಟಾ, ಹಿಂದಿನ ರಾತ್ರಿ ನಡೆದಿದ್ದು ನೆನಪಿಲ್ಲದೆ ಹೋಗಿದ್ದುಂಟಾ, ನಿಮ್ಮಿಂದ ಯಾರಿಗಾದರೂ ಪೆಟ್ಟಾಗಿದೆಯಾ, ಕಡಿಮೆ ಮಾಡು ಅಂತ ಮನೆಯವರು ಹೇಳಿದ್ದಾರಾ, ಹೀಗೆ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಪಾಯದ ಕುಡಿತ, 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಚಟವೇ ಅಂಟಿರಬಹುದು, ಇನ್ನೂ ಸರಿಯಾಗಿ ನೋಡಬೇಕು ಅಂತ ಅರ್ಥ. ನನ್ನದು 17 ಬಂತು. ಚಟ ಹತ್ತಿದವರ ಸಾಲಿಗೂ ಸೇರದೆ, ಸುಮ್ನೆ ಮಜಾಕ್ಕೆ ಕುಡಿಯುವವರ ಸಾಲಿಗೂ ಸೇರದೆ ನಡುವೆ ಎಲ್ಲೋ ಇದ್ದೆ.

ಎಷ್ಟು ಕುಡಿಯುತ್ತೀರಿ ಅನ್ನುವ ಪ್ರಶ್ನೆಯಲ್ಲೇ ಜಾಸ್ತಿ ಹೊತ್ತು ಹಿಡಿಯಿತು. ಕೌನ್ಸೆಲರ್ ಮೇಡಂ ಕಾಗದದ ಮೇಲೆ ಲೆಕ್ಕ ಹಾಕಿಸಿದರು. ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ವಿಸ್ಕಿ, ರಮ್ಮು, ಬ್ರಾಂದಿ ಆದರೆ 30 ಎಂಎಲ್‌ಗೆ ಒಂದು ಡ್ರಿಂಕ್. ಹಾಗಾದರೆ ನೈಂಟಿ, ಅಂದರೆ 90 ಎಂಎಲ್, ಮೂರು ಡ್ರಿಂಕ್; ಒಂದು ಕ್ವಾರ್ಟರ್, ಅಂದರೆ 180 ಎಂಎಲ್, ಆರು. ನಾನು ಬಿಯರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ ಸುಮಾರು 42 ಗ್ರಾಂ ಇರುತ್ತದೆ, ಅಂದರೆ ನಾಲ್ಕು ಡ್ರಿಂಕ್. ಒಂದೇ ಕೂರಿಕೆಯಲ್ಲಿ 60 ಗ್ರಾಂ ಆದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಿತಿಮೀರಿದ ಕುಡಿತ ಅನ್ನುತ್ತದೆ. ನಾನು ಶನಿವಾರ ಎರಡು ಸ್ಟ್ರಾಂಗ್, ಮೇಲೊಂದು ನೈಂಟಿ ಹಾಕುತ್ತಿದ್ದವನು. ಹನ್ನೊಂದು ಡ್ರಿಂಕ್! ಕೂಡಿಸಿ ನೋಡಿದಾಗ ಪೆನ್ನು ಕೆಳಗಿಟ್ಟೆ. ಬಾಟಲಿ ಮೇಲೆ ಪರ್ಸೆಂಟ್ ಬರೆದಿರುತ್ತದೆ. ಎಂಎಲ್‌ಗೆ ಆ ಪರ್ಸೆಂಟ್ ಗುಣಿಸಿ, ನೂರರಿಂದ ಭಾಗಿಸಿ, ಬಂದಿದ್ದನ್ನು 0.8ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಮನೆಯಲ್ಲೇ ಮಾಡಿ ನೋಡಿ.

ಇನ್ನು ಬೈಯುತ್ತಾರೆ ಅಂತ ಕಾದು ಕೂತೆ. ಮೇಡಂ ಬೈಯಲಿಲ್ಲ. "ಕುಡಿಯೋದರಿಂದ ನಿಮಗೆ ಏನು ಒಳ್ಳೇದಾಗುತ್ತೆ?" ಅಂತ ಕೇಳಿದರು. ಇದು ಯಾವ ಥರದ ಪ್ರಶ್ನೆ ಅನ್ನಿಸಿತು. ಆದರೆ ಹೇಳುತ್ತಾ ಹೋದೆ. ವಾರದ ಸುಸ್ತು ಹೋಗುತ್ತೆ, ಹುಡುಗರ ಜೊತೆ ಮನಸ್ಸು ಬಿಚ್ಚಿ ಮಾತಾಡ್ತೀನಿ, ಊರಿನ ಸಾಲದ ಚಿಂತೆ ಮರೆಯುತ್ತೆ. ಎಲ್ಲ ಕೇಳಿಸಿಕೊಂಡ ಮೇಲೆ, ಇದರಲ್ಲಿ ನಿಮಗೆ ಇಷ್ಟವಿಲ್ಲದ್ದು ಏನು ಅಂದರು. ದುಡ್ಡು, ಲಿವರ್ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಭಾನುವಾರ ಅಂದೆ. ಭಾನುವಾರ ಅಂದರೆ? ತಲೆನೋವಲ್ಲಿ ಮಧ್ಯಾಹ್ನದವರೆಗೆ ಮಲಗಿರ್ತೀನಿ, ಅವ್ವನ ಫೋನ್ ಎತ್ತಲ್ಲ ಅಂದೆ. ಇದನ್ನು ನಾನು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ.

ಆಮೇಲೆ ಒಂದು ಗೆರೆ ಎಳೆದು 0ಯಿಂದ 10ರವರೆಗೆ ಅಂಕಿ ಬರೆದರು. ಕುಡಿತ ಬದಲಾಯಿಸಬೇಕು ಅನ್ನೋದು ನಿಮಗೆ ಎಷ್ಟು ಮುಖ್ಯ? 5 ಅಂದೆ. ಬದಲಾಯಿಸಬಲ್ಲೆ ಅನ್ನುವ ಧೈರ್ಯ ಎಷ್ಟು? 3 ಅಂದೆ. ಇಷ್ಟು ಕಡಿಮೆ ಯಾಕೆ ಅಂತ ಕೇಳುತ್ತಾರೆ ಅಂದುಕೊಂಡರೆ, "3 ಯಾಕೆ? 0 ಯಾಕಲ್ಲ?" ಅಂದರು. ಯೋಚಿಸಬೇಕಾಯಿತು. ಪಿಯುಸಿಯಲ್ಲಿ ಗುಟ್ಕಾ ಬಿಟ್ಟಿದ್ದೆ. ಶ್ರಾವಣದಲ್ಲಿ ಪೂರ್ತಿ ತಿಂಗಳು ಕುಡಿಯದೆ ಇದ್ದೆ. ಹೇಳುತ್ತಾ ಹೇಳುತ್ತಾ ನನಗೇ ನನ್ನ ಮೇಲೆ ಸ್ವಲ್ಪ ನಂಬಿಕೆ ಬಂತು.

ಇದಕ್ಕೆ ಹಿನ್ನೆಲೆ ಇದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದ ಶುರುವಿನಲ್ಲಿ ಸಿಗರೇಟು ಬಿಡುವವರನ್ನು ಅಧ್ಯಯನ ಮಾಡಿದರು. ಜನ ಒಂದೇ ಏಟಿಗೆ ಬದಲಾಗುವುದಿಲ್ಲ, ಹಂತ ಹಂತವಾಗಿ ಬದಲಾಗುತ್ತಾರೆ ಅಂತ ಅವರು ಕಂಡುಕೊಂಡರು. ತೊಂದರೆ ಇದೆ ಅಂತಲೇ ಅನ್ನಿಸದ ಹಂತ, ಹೌದೋ ಅಲ್ಲವೋ ಅಂತ ತೂಗಾಡುವ ಹಂತ, ತಯಾರಿ, ಕೆಲಸಕ್ಕೆ ಇಳಿಯುವುದು, ಉಳಿಸಿಕೊಳ್ಳುವುದು. ಹಿಂದಕ್ಕೆ ಜಾರಿ ಮತ್ತೆ ಶುರು ಮಾಡುವುದೂ ಇದರಲ್ಲಿ ಮಾಮೂಲಿ. ಮೇಡಂ ಮಾತಾಡಿಸಿದ ರೀತಿಯನ್ನು ರೂಪಿಸಿದವರು ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಅನ್ನುವ ಮನಶ್ಶಾಸ್ತ್ರಜ್ಞರು. ಬದಲಾಗಲು ಕಾರಣಗಳನ್ನು ಬೇರೆಯವರು ಹೇಳಿದರೆ ನಾವು ವಾದಕ್ಕೆ ನಿಲ್ಲುತ್ತೇವೆ. ನಮ್ಮ ಬಾಯಿಂದಲೇ ಬಂದರೆ ಅದು ಮನಸ್ಸಿಗೆ ನಾಟುತ್ತದೆ. ಮನಸ್ಸು ಗಟ್ಟಿಯಾದ ಮೇಲೆ ಆಸ್ಪತ್ರೆಗೆ ಹೋಗೋಣ ಅಂತ ಕಾಯುತ್ತಿದ್ದೆನಲ್ಲ, ಆ ಮನಸ್ಸು ಗಟ್ಟಿಯಾಗಲು ಶುರುವಾಗಿದ್ದೇ ಆ ಕೋಣೆಯಲ್ಲಿ. 5 ಮತ್ತು 3 ಇಟ್ಟುಕೊಂಡು ಹೋದರೂ ಆಗುತ್ತದೆ.

ಕೊನೆಗೆ ಡಾಕ್ಟರು ನೋಡಿದರು. ಬೆಳಿಗ್ಗೆ ಕೈ ನಡುಗುತ್ತಾ, ಬೆವರುತ್ತಾ, ಕುಡಿಯದ ದಿನ ನಿದ್ದೆ ಬರಲ್ವಾ, ಯಾವತ್ತಾದರೂ ಫಿಟ್ಸ್ ಬಂದಿದೆಯಾ ಅಂತ ಕೇಳಿದರು. ಯಾವುದೂ ಇರಲಿಲ್ಲ. ಹಾಗಾಗಿ ದಾಖಲಾಗುವುದು ಬೇಡ, ಸದ್ಯ ವಿಟಮಿನ್ ಬಿ1 ಮಾತ್ರೆ ಸಾಕು ಅಂದರು. ಮಾತ್ರೆ ಆಸ್ಪತ್ರೆಯಲ್ಲೇ ಪುಕ್ಕಟೆ ಸಿಕ್ಕಿತು. ನಾನು ಕಡಿಮೆ ಮಾಡ್ತೀನಿ ಅಂದೆ. ಲಿವರ್ ಸರಿಹೋಗಬೇಕಾದರೆ ಮೂರು ತಿಂಗಳು ಪೂರ್ತಿ ನಿಲ್ಲಿಸಿ, ಆಮೇಲೆ ಮುಂದಿನದು ಮಾತಾಡೋಣ ಅಂದರು. ಮೂರು ತಿಂಗಳು ಅಂದಿದ್ದಕ್ಕೇ ಒಪ್ಪಿದೆ. ಜೀವನಪೂರ್ತಿ ಅಂದಿದ್ದರೆ ಎದ್ದು ಬರುತ್ತಿದ್ದೆ.

ಇಲ್ಲಿ ಒಂದು ಎಚ್ಚರಿಕೆ. ದಿನಾ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ಇದನ್ನು ಓದಿ ನಾಳೆಯಿಂದಲೇ ತಾವಾಗಿ ನಿಲ್ಲಿಸಬೇಡಿ. ಅಂಥವರಿಗೆ ನಿಲ್ಲಿಸಿದ ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ ಆಗಬಹುದು. ಮೊದಲು ಡಾಕ್ಟರಿಗೆ ತೋರಿಸಿ. ಅದಕ್ಕೆ ಔಷಧಿ ಇದೆ.

ಅವತ್ತು ಮೇಡಂ ಕೊನೆಯಲ್ಲಿ ಇನ್ನೊಂದು ಕೇಳಿದ್ದರು. ಬಾರಿಂದ ರೂಮಿಗೆ ಹೇಗೆ ಹೋಗ್ತೀರಿ? ಬೈಕಲ್ಲಿ. ನಮ್ಮ ವಯಸ್ಸಿನವರಿಗೆ ಲಿವರ್‌ಗಿಂತ ಮೊದಲು ಬರುವ ಅಪಾಯ ರಸ್ತೆಯದು ಅಂದರು. ರಕ್ತದಲ್ಲಿ ಆಲ್ಕೋಹಾಲ್ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿರುವಾಗ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹುಡುಗರ ಜೊತೆ ಕೂರಲು ಹೋಗುವುದೇ ಆದರೆ ಬೈಕ್ ರೂಮಲ್ಲಿ ಬಿಟ್ಟು ಹೋಗಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡೆವು. ಇದು ಅಷ್ಟು ಕೆಲಸ ಮಾಡುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಬೈಕ್ ಇಲ್ಲದಿದ್ದರೆ ಕೊನೆ ಸಿಟಿ ಬಸ್ಸಿಗೆ ಏಳಲೇಬೇಕು. ಎದ್ದು ಹೋಗಲು ಒಂದು ಕಾರಣ ಸಿಗುತ್ತದೆ, ಯಾರೂ ತಡೆಯುವುದಿಲ್ಲ.

ಮೊದಲ ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಶುಕ್ರವಾರ ಸಂಜೆ ಏನು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಸಿಹಿ ತಿನ್ನುವ ಆಸೆ ಜಾಸ್ತಿಯಾಯಿತು.

ಆಫೀಸಿನ ಕಡೆಯಿಂದ ಒಂದು ತೊಡಕು ಬಂತು. ರಜೆಗೆ ಆಸ್ಪತ್ರೆಯ ಚೀಟಿ ಕೇಳಿದರು. ನನ್ನ ಚೀಟಿಯಲ್ಲಿ ವಿಭಾಗದ ಸೀಲು ದೊಡ್ಡದಾಗಿ ಇತ್ತು. ಡಾಕ್ಟರಿಗೆ ಹೇಳಿದೆ. ಇಂಥ ದಿನ ಒಪಿಡಿಗೆ ಬಂದಿದ್ದರು ಅಂತ ಮಾತ್ರ ಬರೆದು ಆಸ್ಪತ್ರೆಯ ಸೀಲು ಹಾಕಿಕೊಟ್ಟರು. ಮೊದಲ ದಿನವೇ ಇದನ್ನು ಕೇಳಿ ಪಡೆದುಕೊಳ್ಳಿ. ಇನ್ನು ಇನ್ಶೂರೆನ್ಸ್ ವಿಷಯ. ಬಹಳಷ್ಟು ಹೆಲ್ತ್ ಪಾಲಿಸಿಗಳಲ್ಲಿ ಮದ್ಯದ ಚಟದ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ ಅಂತ ಷರತ್ತು ಇರುತ್ತದೆ. ಖಾಸಗಿಯಲ್ಲಿ ದಾಖಲಾಗುವ ಮೊದಲು ನಿಮ್ಮ ಪಾಲಿಸಿಯ ಆ ಭಾಗ ಓದಿ. ಸರ್ಕಾರಿ ಆಸ್ಪತ್ರೆಯಲ್ಲಿ ನನಗೆ ಚೀಟಿ, ಬಸ್ಸು, ಹೊರಗೆ ಮಾಡಿಸಿದ ಒಂದು ರಕ್ತ ಪರೀಕ್ಷೆ, ಎಲ್ಲ ಸೇರಿ 2,000 ರೂಪಾಯಿ ಕೂಡ ಆಗಲಿಲ್ಲ. ಮೊದಲು ಕುಡಿತಕ್ಕೇ ತಿಂಗಳಿಗೆ 7,000ದ ಹತ್ತಿರ ಹೋಗುತ್ತಿತ್ತು. ಆ ದುಡ್ಡು ಈಗ ಊರಿನ ಸಾಲಕ್ಕೆ ಹೋಗುತ್ತಿದೆ.

ನನಗೆ ನಿಜವಾದ ಪರೀಕ್ಷೆ ಅಂದರೆ ಹೊಸತೊಡಕು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಯುಗಾದಿಯ ಮಾರನೇ ದಿನ ಮಂಡ್ಯ, ಹಾಸನ, ಮೈಸೂರು ಕಡೆ ಮನೆ ಮನೆಯಲ್ಲೂ ಬಾಡೂಟ. ಪಾಲು ಹಾಕಿದ ಗುಡ್ಡೆ ಮಾಂಸ ತರುತ್ತಾರೆ, ನೆಂಟರು ಸೇರುತ್ತಾರೆ, ತೋಟದಲ್ಲಿ ಇಸ್ಪೀಟು, ಎಣ್ಣೆ ಎಲ್ಲ ಇರುತ್ತದೆ. ಬೇಡ ಅಂದರೆ ದೊಡ್ಡವರಿಗೆ ಅವಮಾನ ಮಾಡಿದ ಹಾಗೆ. ಅದರ ಹಿಂದಿನ ವಾರ ಮೇಡಂ ಜೊತೆ ಕೂತು ಎಲ್ಲ ಮಾತಾಡಿಕೊಂಡಿದ್ದೆ. ಯಾರು ಮೊದಲು ಲೋಟ ಕೊಡುತ್ತಾರೆ? ಏನು ಹೇಳ್ತೀರಿ? ಉದ್ದ ಕಾರಣ ಕೊಡಬೇಡಿ, ಕೊಟ್ಟರೆ ವಾದ ಶುರುವಾಗುತ್ತೆ ಅಂದಿದ್ದರು. ಒಬ್ಬರಿಗಾದರೂ ಮೊದಲೇ ಹೇಳಿಡಿ ಅಂದಿದ್ದರು. ಭಾವನಿಗೆ ಹೇಳಿಟ್ಟೆ.

ಅಂದುಕೊಂಡ ಹಾಗೇ ಚಿಕ್ಕಪ್ಪನೇ ಲೋಟ ಹಿಡಿದು ಬಂದರು. "ಏನ್ಲಾ, ವರ್ಸದ ಹಬ್ಬ ಕಣ್ಲಾ, ಒಂದೇ ಒಂದು ತಕ್ಕೊ" ಅಂದರು. ಕುಡಿತ ಬಿಡಿಸಲು ಪುಡಿ ಹುಡುಕಿದ್ದೂ ಇದೇ ಚಿಕ್ಕಪ್ಪ. ಅವರಿಗೆ ನನ್ನ ಮೇಲಿರುವ ಪ್ರೀತಿ ಎರಡರಲ್ಲೂ ಒಂದೇ. "ಲಿವರ್‌ಗೆ ಮಾತ್ರೆ ನಡೀತಿದೆ ಚಿಕ್ಕಪ್ಪ, ಮಾವಿನಕಾಯಿ ಚಿತ್ರಾನ್ನ ಇದ್ರೆ ಕೊಡಿ" ಅಂದೆ. ಮತ್ತೆ ಕೇಳಿದರು. ಅದೇ ಮಾತು ಮತ್ತೆ ಹೇಳಿದೆ. ಅಷ್ಟರಲ್ಲಿ ಭಾವ ಬಡಿಸಲು ಆಳು ಬೇಕು ಅಂತ ನನ್ನನ್ನು ಎಳೆದುಕೊಂಡು ಹೋದರು. ಊಟ ಮುಗಿಯುವವರೆಗೂ ಮುದ್ದೆ, ಸಾರು ಬಡಿಸಿದೆ. ಕೈಗೆ ಕೆಲಸ ಇದ್ದರೆ ಕೈಗೆ ಲೋಟ ಬರುವುದಿಲ್ಲ. ಸಂಜೆ ಅಪ್ಪ, ಬಸ್ಟ್ಯಾಂಡಿಗೆ ಬಿಡ್ತೀನಿ ಬಾ ಅಂದರು. ದಾರಿಯಲ್ಲಿ ಲಿವರಿನ ವಿಷಯ ಎತ್ತಲಿಲ್ಲ, ಕೊಬ್ಬರಿ ರೇಟು ಮಾತಾಡಿದರು. ನನಗೆ ಅಷ್ಟೇ ಸಾಕಾಗಿತ್ತು.

ಹಬ್ಬ ದಾಟಿದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ಕುಡಿಯಲೇಬೇಕು ಅನ್ನುವ ಎಳೆತ ಬಂದಿದ್ದು ಒಂದು ಮಾಮೂಲಿ ಮಂಗಳವಾರ. ಕೆಲಸದಲ್ಲಿ ಬೈಸಿಕೊಂಡಿದ್ದೆ. ರೂಮಿಗೆ ಬರುವ ದಾರಿಯಲ್ಲಿ ವೈನ್ ಸ್ಟೋರ್. ಕಾಲು ಅಲ್ಲೇ ನಿಂತಿತು. ಆಗ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡ ಆರಿಸಿಕೊಳ್ಳಬಹುದು. ಸ್ವಲ್ಪ ಹೊತ್ತು ಕಾಯಬೇಕಾಯಿತು. ಆ ಕಡೆಯವರು ಬುದ್ಧಿ ಹೇಳಲಿಲ್ಲ. ಈಗ ಎಲ್ಲಿದ್ದೀರಿ, ಊಟ ಆಯ್ತಾ ಅಂತ ಕೇಳಿದರು. ಮಾತಾಡುತ್ತಾ ನಡೆದೆ. ಎಳೆತ ತುಂಬಾ ಹೊತ್ತು ಒಂದೇ ಸಮ ಇರುವುದಿಲ್ಲ, ಅರ್ಧ ಗಂಟೆ ಮುಂದಕ್ಕೆ ಹಾಕಿ, ನೀರು ಕುಡಿದು ಏನಾದರೂ ತಿನ್ನಿ ಅಂದರು. ಹೊಟ್ಟೆ ಹಸಿದಾಗ ಎಳೆತ ಜಾಸ್ತಿ ಅನ್ನುವುದು ನನ್ನ ವಿಷಯದಲ್ಲಂತೂ ನಿಜ. ಈಗ ಆಫೀಸಿನಿಂದ ಹೊರಡುವ ಮೊದಲೇ ಏನಾದರೂ ತಿಂದು ಬರುತ್ತೇನೆ.

ನನ್ನ ರೂಮ್‌ಮೇಟ್ ಇನ್ನೂ ಕುಡಿಯುತ್ತಾನೆ. ಶುರುವಿನಲ್ಲಿ ಅವನನ್ನೂ ಕರೆದುಕೊಂಡು ಹೋಗಬೇಕು ಅಂತ ತುಂಬಾ ಹೇಳಿದೆ. ಹೇಳಿದಷ್ಟೂ ಅವನು ದೂರ ಹೋದ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಮೊನ್ನೆ ಅವನೇ, "ಮಗಾ, ಒಂದು ಸ್ಟ್ರಾಂಗಲ್ಲಿ ಎಷ್ಟು ಡ್ರಿಂಕು ಅಂದಿದ್ದೆ?" ಅಂತ ಕೇಳಿದ. ಅಷ್ಟನ್ನೇ ಹೇಳಿದೆ.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಆಯಿತು. ಜಿಜಿಟಿ 31ಕ್ಕೆ ಇಳಿದಿತ್ತು, ಎಸ್‌ಜಿಪಿಟಿಯೂ ಸರಿಹೋಗಿತ್ತು. ಕುಡಿತದಿಂದ ಬಂದ ಫ್ಯಾಟಿ ಲಿವರ್ ಈ ಹಂತದಲ್ಲಿ ಹಿಡಿದರೆ ಬಹುಪಾಲು ವಾಪಸ್ ಸರಿಹೋಗುತ್ತದೆ, ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಆದ ಮೇಲೆ ಹಾಗಲ್ಲ ಅಂತ ಡಾಕ್ಟರು ಹೇಳಿದರು. ಮೇಡಂ ಮತ್ತೆ ಗೆರೆ ಎಳೆದರು. ಮುಖ್ಯ ಎಷ್ಟು ಅಂದರೆ 8 ಅಂದೆ, ಧೈರ್ಯ 7. ಪೂರ್ತಿ 10 ಅಂತ ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ಅವರೂ ಕೇಳಲಿಲ್ಲ. ಮುಂದಿನ ಯುಗಾದಿಯವರೆಗೆ ಬೇಡ ಅಂತ ಸದ್ಯಕ್ಕೆ ತೀರ್ಮಾನಿಸಿದ್ದೇನೆ. ಅದರಾಚೆಯದ್ದು ಆಗ ನೋಡುವುದು.

ಹೋಗುವವರು ಆಧಾರ್, ಹಳೇ ರಿಪೋರ್ಟುಗಳು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ತೆಗೆದುಕೊಂಡು ಹೋಗಿ. ಕಳೆದ ಎರಡು ವಾರ ಯಾವ ದಿನ ಏನು, ಎಷ್ಟು ಎಂಎಲ್ ಕುಡಿದಿರಿ ಅಂತ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರೆ ಅರ್ಧ ಕೆಲಸ ಬೇಗ ಆಗುತ್ತದೆ. ಕುಡಿದು ಹೋಗಬೇಡಿ, ಅವತ್ತು ಸರಿಯಾಗಿ ಮಾತಾಡಿಸಲು ಅವರಿಗೂ ಆಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಚೀಟಿ ಮಾಡಿಸಿ, ಜೊತೆಗೆ ನೀರಿನ ಬಾಟಲಿ, ತಿನ್ನಲು ಏನಾದರೂ ಇರಲಿ. ಮೊದಲ ದಿನ ನನಗೆ ಮಧ್ಯಾಹ್ನ ಎರಡೂವರೆ ಆಯಿತು. ಆಮೇಲಿನ ಭೇಟಿಗಳು ಒಂದು ಗಂಟೆಯೊಳಗೆ ಮುಗಿದವು.